ಹೊಲದ ನವಿಲುಮರಿ, ಹಿತ್ತಲ ಕೋಳಿ



ಹೋದ ಮುಂಗಾರಿನಲ್ಲಿ ನಂಜನಗೂಡು ಕಡೆಯ ರೈತರೊಬ್ಬರು ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ನನ್ನ ಮನೆಗೆ ಒಂದು ಮಂಕರಿ ಹಿಡಿದು ಬಂದರು. ಒಳಗೆ ಒಂದೇ ಒಂದು ನವಿಲುಮರಿ ರೆಕ್ಕೆ ಜೋಲುಬಿಟ್ಟು ಕೂತಿತ್ತು. "ಬದುವಿನ ಪೊದೆ ಕಡಿಯುವಾಗ ಐದು ಮೊಟ್ಟೆ ಸಿಕ್ಕಿದ್ವು ಸ್ವಾಮಿ. ಕಾವಿಗೆ ಕೂತ ಕೋಳಿ ಕೆಳಗೆ ಇಟ್ಟೆ. ನಾಲ್ಕು ಮರಿ ಆದ್ವು, ಮೂರು ಸತ್ತೋದ್ವು. ಇದಕ್ಕೊಂದು ಔಷಧಿ ಹೇಳಿ" ಅಂದರು. ಅವರದು ಒಳ್ಳೆಯ ಮನಸ್ಸೇ. ಆದರೂ ಮರಿಗಳು ಏಕೆ ಸತ್ತವು? ಇವತ್ತು ಅದನ್ನೇ ಹೇಳುತ್ತೇನೆ.

ಹೆಣ್ಣು ನವಿಲು ನೆಲದಲ್ಲೇ ಸಣ್ಣ ಗುಳಿ ಮಾಡಿ ನಾಲ್ಕರಿಂದ ಎಂಟು ಮೊಟ್ಟೆ ಇಟ್ಟು, ಸುಮಾರು 28 ದಿನ ಕಾವು ಕೊಡುತ್ತದೆ. ಮರಿ ಹುಟ್ಟಿದ ಕೂಡಲೇ ತಾಯಿಯ ಹಿಂದೆ ನಡೆಯುತ್ತದೆ. ಗೆದ್ದಲು, ಮಿಡತೆ, ಹುಳುಹುಪ್ಪಟೆ ಅದರ ಆಹಾರ. ಹಿತ್ತಲಿನಲ್ಲಿ ಎರಚಿದ ನುಚ್ಚು ಅದಕ್ಕೆ ಸಾಲದು.

ಇದಕ್ಕಿಂತ ದೊಡ್ಡ ಅಪಾಯ ಕೋಳಿಯ ಹಿಕ್ಕೆಯಲ್ಲಿದೆ. ಕೋಳಿಯ ಕರುಳಿನಲ್ಲಿ ಒಂದು ಬಗೆಯ ಸಣ್ಣ ಜಂತು ಇರುತ್ತದೆ. ಆ ಜಂತಿನ ಮೊಟ್ಟೆಯೊಳಗೆ ಕಣ್ಣಿಗೆ ಕಾಣದ ರೋಗಾಣು ಸೇರಿ ಹಿಕ್ಕೆಯ ಮೂಲಕ ಮಣ್ಣಿಗೆ ಬೀಳುತ್ತದೆ. ಅಲ್ಲಿ ಬಹುಕಾಲ ಬದುಕಿರುತ್ತದೆ. ಕೋಳಿಗೆ ಇದರಿಂದ ಸಾಮಾನ್ಯವಾಗಿ ಹೆಚ್ಚು ಬಾಧೆಯಿಲ್ಲ. ಆದರೆ ಅದೇ ಮಣ್ಣು ಕೆದಕಿ ತಿಂದ ನವಿಲುಮರಿಗೆ ಯಕೃತ್ತು ಕೆಟ್ಟು, ಹಳದಿ ಭೇದಿಯಾಗಿ, ಪ್ರಾಣವೇ ಹೋಗಬಹುದು. ಸಾಕುವ ಕೋಳಿಯೇ ಮರಿಗೆ ಮೃತ್ಯುವಾಗುವುದು ಹೀಗೆ.

ಇನ್ನು ಕಾನೂನಿನ ಮಾತು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅದು ಮೊದಲ ಪಟ್ಟಿಗೆ ಸೇರಿದೆ. ಮರಿ ಹಿಡಿದು ಸಾಕುವುದೂ, ಮೊಟ್ಟೆ ತರುವುದೂ ಅಪರಾಧ. ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವಾಗಬಹುದು.

ಹಾಗಾದರೆ ನಾವು ಮಾಡಬೇಕಾದ್ದೇನು?

ಒಂದು: ಪೊದೆ ಕಡಿಯುವ ಮುನ್ನ, ಕಟಾವಿಗೆ ಇಳಿಯುವ ಮುನ್ನ ಒಂದು ಸುತ್ತು ನೋಡಿ. ನಮ್ಮ ದಕ್ಷಿಣದ ಕಡೆ ಏಪ್ರಿಲ್, ಮೇ ತಿಂಗಳು ನವಿಲು ಮೊಟ್ಟೆಯಿಡುವ ಮುಖ್ಯ ಕಾಲ. ಗೂಡು ಕಂಡರೆ ಮುಟ್ಟಬೇಡಿ. ಸುತ್ತ ನಾಲ್ಕು ಮಾರು ಜಾಗ ಬಿಟ್ಟು ಕೆಲಸ ಮಾಡಿ. ನಾಯಿಯನ್ನು ಕಟ್ಟಿಹಾಕಿ.

ಎರಡು: ಗಾಯವಿಲ್ಲದ ಮರಿ ಒಂಟಿಯಾಗಿ ಕಂಡರೆ ಹತ್ತಿರದ ಪೊದೆಯ ಮರೆಗೆ ಬಿಟ್ಟು ದೂರ ಸರಿಯಿರಿ. ತಾಯಿ ಅಲ್ಲೇ ಎಲ್ಲೋ ಇರುತ್ತಾಳೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ, ಕತ್ತಲೆ ಮಾಡಿ, ಬೆಚ್ಚಗಿಡಿ. ಬಾಯಿಗೆ ಹಾಲು, ನೀರು ಸುರಿಯಬೇಡಿ. ಕೋಳಿಗಳ ಜೊತೆ ಬಿಡಲೇಬೇಡಿ. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926.

ಮೂರು: ನಿಮ್ಮ ಕೋಳಿಗಳನ್ನು ನೆಟ್ಟಗಿಡಿ. ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕೊಡಿ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಕೋಳಿಮರಿಗೆ ಒಂದು ವಾರವಾಗುವುದರೊಳಗೆ ಲಸಿಕೆಯ ಹನಿ, ಎಂಟನೆಯ ವಾರ ಚುಚ್ಚುಮದ್ದು ಹಾಕಿಸಿ. ಈ ರೋಗ ನವಿಲಿಗೂ ಹತ್ತುತ್ತದೆ. ಸತ್ತ ಕೋಳಿಯನ್ನು ಬೇಲಿಯಾಚೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಇದರಿಂದ ನಿಮ್ಮ ಕೋಳಿಗೂ ಲಾಭ, ಹೊಲದ ನವಿಲಿಗೂ ಲಾಭ.

ನಾಲ್ಕು: ವಿಷ ಬೆರೆಸಿದ ಬಿತ್ತನೆ ಬೀಜ ಬದುವಿನ ಮೇಲೆ ಚೆಲ್ಲದಂತೆ ನೋಡಿಕೊಳ್ಳಿ, ಚೆಲ್ಲಿದ್ದನ್ನು ಬಳಿದು ಮಣ್ಣು ಮುಚ್ಚಿ.

"ನವಿಲು ನಮ್ಮ ಪೈರು ತಿನ್ನುತ್ತದೆ, ನಾವೇ ಅದನ್ನು ಕಾಯಬೇಕೇ?" ಎಂದು ನೀವು ಕೇಳಬಹುದು. ನಷ್ಟ ಆಗುವುದು ನಿಜ, ಅಲ್ಲವೆನ್ನಲಾರೆ. ಸಸಿಮಡಿಗೆ ಬಲೆ ಹಾಕಿ, ಹೊಳೆಯುವ ಪಟ್ಟಿ ಕಟ್ಟಿ, ತಮಟೆ ಬಡಿದು ಓಡಿಸಿ. ವಿಷ ಮಾತ್ರ ಇಡಬೇಡಿ. ಅದೇ ಕಾಳನ್ನು ನಿಮ್ಮ ಕೋಳಿಯೂ ತಿಂದೀತು, ಮಗುವೂ ಮುಟ್ಟೀತು.

ಮಂಕರಿಯ ಮರಿಯನ್ನು ಅಂದೇ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಬದುಕಲಿಲ್ಲ. ಆ ರೈತರು ಈ ಸಲ ಬದುವಿನ ಪೊದೆಯನ್ನು ಹಾಗೇ ಬಿಟ್ಟು ಉಳುಮೆ ಮಾಡಿದ್ದಾರೆ. ನವಿಲುಮರಿಗೆ ತಾಯಿಯೇ ಔಷಧಿ. ತಾಯಿಯಿಂದ ಅದನ್ನು ಅಗಲಿಸದಿರುವುದೇ ನಾವು ಮಾಡುವ ಆರೈಕೆ.