ಕೈ ಬರಲಿಲ್ಲ



ಈ ದತ್ತಿ ಉಪನ್ಯಾಸಕ್ಕೆ ನನಗೆ ಒಪ್ಪಿಸಿದ ವಿಷಯ ‘ಒಳಮನಸ್ಸಿನ ನಂಬಿಕೆಗಳು’. ಹೆಸರು ಭಾರವಾಯಿತೆಂದು ನಾನೇ ಬದಲಿಸಿಕೊಂಡೆ. ಸತ್ತವರ ಕೋಟನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದರೆ ನಮಗೆ ಕೈ ಬರುವುದಿಲ್ಲ. ಕೊಟ್ಟ ಸಾಲ ವಾಪಸು ಕೇಳೋಣವೆಂದರೆ ಬಾಯಿ ಬರುವುದಿಲ್ಲ. ಜಗಳವಾಡಿ ಬಂದ ಮನೆಗೆ ಹೋಗಲು ಕಾಲೇಳುವುದಿಲ್ಲ. ತಡೆದವರು ಯಾರು ಎಂದು ಕೇಳಿದರೆ ಯಾರೂ ಇಲ್ಲ. ಆಪ್ತಸಮಾಲೋಚಕನಾಗಿ ಇಷ್ಟು ವರ್ಷ ಕೂತಿದ್ದೇನೆ. ಎದುರಿಗೆ ಬಂದವರಿಗೆ ‘ನಿಮ್ಮ ನಂಬಿಕೆ ಏನು’ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ‘ಯಾವ ಕೆಲಸಕ್ಕೆ ಕೈ ಬರಲ್ಲ?’ ಎಂದು ಕೇಳುತ್ತೇನೆ. ಆಮೇಲೆ ಮಾತು ತಾನಾಗಿ ಬರುತ್ತದೆ.

ಇಲ್ಲಿ ಐವತ್ತು ದಾಟಿದವರಿಗೆಲ್ಲ ಒಂದು ಬಾಗಿಲು ನೆನಪಿರಬೇಕು. 1990ರ ದಶಕದ ಮೊದಲ ವರ್ಷಗಳು. ರಾತ್ರಿ ಒಂದು ಹೆಂಗಸು ಬರುತ್ತಾಳೆ, ಮನೆಯವರ ದನಿಯಲ್ಲೇ ಕರೆಯುತ್ತಾಳೆ, ಓಗೊಟ್ಟು ಬಾಗಿಲು ತೆಗೆದವರು ಉಳಿಯುವುದಿಲ್ಲ ಎಂಬ ಸುದ್ದಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಹಬ್ಬಿತು. ಪರಿಹಾರ ಬಲು ಸುಲಭ: ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಬಿಡುವುದು. ಅವಳು ಓದಿಕೊಂಡು ಹೋಗುತ್ತಾಳೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತಾಳೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂಬ ವಿಶ್ವಾಸ ಆಗ ನಮ್ಮ ಜನಕ್ಕಿತ್ತು. ಈಗಿನ ಅಪಾರ್ಟ್‌ಮೆಂಟ್ ಬಾಗಿಲುಗಳನ್ನು ನೋಡಿದರೆ ಅದಕ್ಕಾಗಿಯಾದರೂ ಆ ಕಾಲ ಚೆನ್ನಾಗಿತ್ತು ಎನಿಸುತ್ತದೆ. 2018ರಲ್ಲಿ ಹಿಂದಿಯವರು ಇದೇ ಕಥೆಯನ್ನು ‘ಸ್ತ್ರೀ’ ಎಂಬ ಸಿನಿಮಾಗೆ ಬಳಸಿಕೊಂಡಾಗ ನಮ್ಮ ಬೀದಿಯ ಹುಡುಗರು ಅದನ್ನು ಹೊಸದೆಂದೇ ತಿಳಿದಿದ್ದರು.

ನಮ್ಮ ತಂದೆ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದರು. ಯೂನಿಯನ್ ಮನುಷ್ಯ. ಗ್ರಹಣದ ಹೊತ್ತಿನಲ್ಲಿ ಬೇಕೆಂದೇ ಊಟಕ್ಕೆ ಕೂರುವವರು. ‘ನಾಳೆ ಬಾ’ ಸುದ್ದಿ ಬಂದ ಮೊದಲ ವಾರ ಬೀದಿಯವರನ್ನೆಲ್ಲ ನಗಾಡಿದರು. ಎರಡನೇ ವಾರ ನಮ್ಮ ಬಾಗಿಲ ಮೇಲೂ ಅಕ್ಷರ ಬಂತು. ಬರೆದವರು ಅವರೇ. ‘ನಿಮ್ಮಮ್ಮ ನಿದ್ದೆ ಮಾಡ್ಲಿ ಅಂತ ಕಣೋ’ ಎಂದರು. ಸೀಮೆಸುಣ್ಣದಲ್ಲಿ ಬರೆದದ್ದು ಇಬ್ಬನಿಗೆ ಕರಗಿತೆಂದು ಕಿಟಕಿಗೆ ಬಳಿದು ಮಿಕ್ಕ ನೀಲಿ ಎನಾಮಲ್ ಪೇಂಟ್ ತಂದು, ಸ್ಕೇಲ್ ಇಟ್ಟು ಗೆರೆ ಎಳೆದು, ಮತ್ತೆ ಬರೆದರು. ಹೆಂಡತಿಯ ನಿದ್ದೆಗೆ ಸೀಮೆಸುಣ್ಣವೇ ಸಾಕಿತ್ತಲ್ಲವೇ?

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅವರಿಗೆ ಸೆಕೆಂಡ್ ಶಿಫ್ಟ್ ಬಿತ್ತು. ಮನೆಗೆ ಬರುವಾಗ ನಡುರಾತ್ರಿ. ಬಾಗಿಲು ತಟ್ಟಿ ಅಮ್ಮನ ಹೆಸರು ಹಿಡಿದು ಕರೆದರು. ಗಂಡನ ದನಿಯಲ್ಲಿ ಕರೆಯುವುದೇ ಆ ಹೆಂಗಸಿನ ಕಸುಬು, ಅಮ್ಮ ಯಾಕೆ ತೆಗೆದಾರು? ಒಳಗೆ ನಾನೂ ತಂಗಿಯೂ ಕಂಬಳಿಯೊಳಗೆ ಉಸಿರು ಬಿಗಿಹಿಡಿದಿದ್ದೆವು. ಹೊರಗೆ ಅಪ್ಪ ಬೀದಿದೀಪದ ಬೆಳಕಲ್ಲಿ ತಮ್ಮದೇ ದುಂಡು ಅಕ್ಷರ ಓದುತ್ತ ನಿಂತಿದ್ದರು. ಕೊನೆಗೆ ಟೋಕನ್ ನಂಬರ್ ಕೂಗಿದ ಮೇಲೆ ಚಿಲಕ ಸರಿಯಿತು. ದೆವ್ವಕ್ಕೆ ಐಟಿಐ ಟೋಕನ್ ನಂಬರ್ ಇರುವುದಿಲ್ಲ ಎಂದು ಅಮ್ಮ ಲೆಕ್ಕ ಹಾಕಿದ್ದರಂತೆ. ಮಾರನೇ ದಿನ ಅಳಿಸಿಬಿಡಿ ಎಂದು ಅಮ್ಮನೇ ಹೇಳಿದರು. ಅಪ್ಪ ಸೀಮೆಎಣ್ಣೆ ಬಟ್ಟೆ ಹಿಡಿದು ಬಾಗಿಲವರೆಗೆ ಹೋಗಿ ವಾಪಸು ಬಂದರು. ‘ಯಾಕೋ ಕೈ ಬರ್ಲಿಲ್ಲ.’

ನಂಬದವರ ಕೈ ಯಾಕೆ ಹಿಂದೆ ಸರಿಯಿತು? ಇಲ್ಲಿ ಸ್ವಲ್ಪ ಬಿಹಾರಕ್ಕೆ ಹೋಗಿಬರಬೇಕು. 1934ರ ಜನವರಿ 15ರಂದು ಅಲ್ಲಿ ಭಾರೀ ಭೂಕಂಪವಾಯಿತು. ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಆಮೇಲೆ ಹರಡಿದ ವದಂತಿಗಳನ್ನು ಕೂಡಿಹಾಕಿದರು. ನೆಲ ನಡುಗಿಯೂ ಮನೆ ಬೀಳದ ಊರುಗಳವರು ಸಮಾಧಾನದ ಸುದ್ದಿ ಹರಡಬೇಕಿತ್ತು. ಅವರು ಹರಡಿದ್ದು ಇನ್ನೂ ದೊಡ್ಡ ವಿಪತ್ತು ಬರುತ್ತದೆ ಎಂಬ ಸುದ್ದಿ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್‌ಗೆ ಈ ವಿಚಿತ್ರವೇ ಎಳೆ ಕೊಟ್ಟಿತು. ಇದಕ್ಕೆ ಎದುರಾಗಿ, ದಾರ್ಜಿಲಿಂಗ್‌ನ ಭೂಕುಸಿತದಲ್ಲಿ ಹಾನಿಯನ್ನು ಕಣ್ಣಾರೆ ಕಂಡವರಲ್ಲಿ ಅಂಥ ವದಂತಿ ಹುಟ್ಟಲಿಲ್ಲ ಎಂದು ದುರ್ಗಾನಂದ ಸಿನ್ಹಾ ಎಂಬ ಮನಶ್ಶಾಸ್ತ್ರಜ್ಞರು ಬರೆದಿದ್ದರು. ಹಾನಿ ಕಂಡವರ ಭಯಕ್ಕೆ ಕಾರಣ ಕಣ್ಣೆದುರೇ ಇತ್ತು. ಬರೀ ನಡುಕ ಸಿಕ್ಕವರಿಗೆ ಭಯವಿತ್ತು, ಕಾರಣ ಇರಲಿಲ್ಲ. ಆ ಕಾರಣವನ್ನು ವದಂತಿ ಒದಗಿಸಿತು. ಒಳಗಿನ ಎರಡು ಮಾತು ಹೊಂದದಿದ್ದಾಗ ಮನಸ್ಸು ಹೇಗಾದರೂ ಹೊಂದಿಸಿಕೊಳ್ಳುತ್ತದೆ ಎಂಬ ಸಿದ್ಧಾಂತವನ್ನು ಫೆಸ್ಟಿಂಗರ್ 1957ರಲ್ಲಿ ಪುಸ್ತಕ ಮಾಡಿದರು.

ಹಾಗಾದರೆ ನಮ್ಮ ಬೀದಿಯಲ್ಲಿ ನಡುಗಿದ ನೆಲ ಯಾವುದು? ಇನ್ನು ನಾನು ಹೇಳುವುದು ಮಗನೊಬ್ಬನ ಊಹೆ ಮಾತ್ರ. ದೂರವಾಣಿ ಉಪಕರಣಗಳ ತಯಾರಿಕೆಯನ್ನು ಸರ್ಕಾರ ಖಾಸಗಿಯವರಿಗೆ ಪೂರ್ತಿ ಬಿಟ್ಟುಕೊಟ್ಟದ್ದು 1991ರಲ್ಲಿ. 1948ರಿಂದ ದೇಶಕ್ಕೆಲ್ಲ ಫೋನು ಮಾಡಿಕೊಟ್ಟ ಕಾರ್ಖಾನೆಯ ಗೇಟಿನಲ್ಲಿ ಟೀ ಕುಡಿಯುತ್ತ ಅಪ್ಪ ಹೇಳುತ್ತಿದ್ದ ಮಾತು, ‘ಸರ್ಕಾರಿ ಫ್ಯಾಕ್ಟರಿ ಮುಳುಗೋಲ್ಲ.’ ಅದು ಬಾಯಿಯ ನಂಬಿಕೆ. ಅದೇ ವರ್ಷ ಅವರು ಅಮ್ಮನಿಗೂ ಹೇಳದೆ ಮನೆ ಹಿಂದಿನ ಜಾಗದಲ್ಲಿ ಬಾಡಿಗೆಗೆಂದು ಎರಡು ಶೀಟ್ ರೂಮಿಗೆ ಪಾಯ ತೋಡಿಸಿದರು. ಇದು ಕೈಯ ನಂಬಿಕೆ. ಎರಡರ ನಡುವೆ ಸಿಕ್ಕಿದ ಮನುಷ್ಯ ಊಟದ ತಟ್ಟೆ ತಳ್ಳಿ ಏಳುತ್ತಿದ್ದ, ಉಪ್ಪು ಕಮ್ಮಿ ಎಂದು. ಉಪ್ಪು ಸರಿಯಾಗೇ ಇರುತ್ತಿತ್ತು. ಬರುವುದನ್ನು ನಿಲ್ಲಿಸಲಾಗದು, ಒಂದು ದಿನ ಮುಂದೆ ತಳ್ಳಬಹುದು. ಆ ವರ್ಷಗಳಲ್ಲಿ ‘ನಾಳೆ ಬಾ’ ಎಂದು ಹೇಳಬೇಕಾದ ಅತಿಥಿಗಳು ಅವರಿಗೆ ಬೇರೆಯೇ ಇದ್ದರು.

ಬಾಗಿಲ ಬರಹದಲ್ಲಿ ಇನ್ನೊಂದು ಕರಾಮತ್ತಿದೆ. ಬರೆದ ರಾತ್ರಿ ಯಾರೂ ಬರಲಿಲ್ಲ. ‘ಬರೆದದ್ದಕ್ಕೇ ಬರಲಿಲ್ಲ’ ಎಂದು ಒಳಮನಸ್ಸು ಖಾತೆಗೆ ಬರೆದುಕೊಳ್ಳುತ್ತದೆ. ಬರೆಯದೆ ಇದ್ದರೂ ಯಾರೂ ಬರುತ್ತಿರಲಿಲ್ಲ ಎಂದು ತಿಳಿಯುವ ಅವಕಾಶ ಪ್ರತಿ ರಾತ್ರಿಯೂ ತಪ್ಪುತ್ತದೆ. ಭಯಕ್ಕೆ ನಾವು ಮಾಡುವ ಉಪಾಯವೇ ಭಯಕ್ಕೆ ಹಾಲೆರೆಯುತ್ತದೆ. ಹೊಸ ಕಾರಿನ ಚಕ್ರದಡಿಯ ನಿಂಬೆಹಣ್ಣಿನಿಂದ ಹಿಡಿದು, ತಪ್ಪಾದೀತೆಂದು ಒಂದೇ ಈಮೇಲನ್ನು ಹತ್ತು ಸಲ ಓದುವವರೆಗೆ ಕೆಲಸ ಇದೇ. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಫ್ರಾಯ್ಡ್ ದಾರಿಯಲ್ಲಿ ಕಲಿತವರು. ಖಿನ್ನತೆಯವರ ಕನಸುಗಳಲ್ಲಿ ಒಳಗೆ ತಿರುಗಿದ ಸಿಟ್ಟನ್ನು ಹುಡುಕಿಹೋದವರಿಗೆ ಸಿಕ್ಕದ್ದು ಸೋಲು, ನಷ್ಟ. ರೋಗಿ ಬಾಯಲ್ಲಿ ಒಂದು ಹೇಳುವಾಗ ಒಳಗೆ ಮಿಂಚಿಹೋಗುವ ಇನ್ನೊಂದು ಮಾತಿದೆ, ಅದರ ಬೇರು ಎಳವೆಯಲ್ಲಿ ಕೂತ ನಂಬಿಕೆಯಲ್ಲಿದೆ ಎಂದು 1960ರ ದಶಕದಲ್ಲಿ ಅವರು ಗುರುತಿಸಿದರು. ಆ ನಂಬಿಕೆಯನ್ನು ವಾದದಿಂದ ಕೀಳುವುದು ಕಷ್ಟ. ಒಂದು ರಾತ್ರಿ ಬರೆಯದೆ ಮಲಗಿ ನೋಡಬೇಕು.

ಈಗಿನ ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಇಲ್ಲಿನ ಪಿಜಿಯೊಂದರಲ್ಲಿದ್ದ ಹುಡುಗಿ, ಕಂಪನಿಯಲ್ಲಿ ಒಳ್ಳೆಯ ಸಂಬಳ. ತಿಂಗಳ ಮೊದಲ ದಿನವೇ ಬಹುಪಾಲು ಊರಿಗೆ ಹೋಗುತ್ತಿತ್ತು. ಕಳಿಸಿದ ಸಂಜೆ ತಮ್ಮನಿಗೆ ಫೋನ್ ಮಾಡಿ ಯಾವುದೋ ನೆಪಕ್ಕೆ ಜಗಳ, ಆಮೇಲೆ ಅಳು. ‘ಕೊಡೋದು ನಂಗೆ ಇಷ್ಟ ಸಾರ್, ಸಿಟ್ಟು ಯಾಕೆ ಬರತ್ತೆ ಗೊತ್ತಿಲ್ಲ’ ಎಂದಳು. ನಾನು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀರುವಿನಲ್ಲಿ ಒಂದು ಜೊತೆ ಚಪ್ಪಲಿ ಡಬ್ಬಿ ಸಮೇತ ಇದೆ, ಕೊಂಡು ಏಳು ತಿಂಗಳಾಯಿತು, ಹಾಕಿಕೊಳ್ಳಲು ಮನಸ್ಸು ಬರುತ್ತಿಲ್ಲ ಎಂದಳು. ಬಿಲ್ಲನ್ನು ಮಾತ್ರ ಹರಿದುಹಾಕಿದ್ದಳು, ಅಮ್ಮ ಬಂದಾಗ ಬೆಲೆ ಕಾಣಬಾರದೆಂದು. ಚಿಕ್ಕವಳಿದ್ದಾಗ ಶಾಲೆಯ ಫೀಸು, ಬಸ್ ಪಾಸು ಎಂದಾಗಲೆಲ್ಲ ಮನೆಯಲ್ಲಿ ‘ಇವಳೊಬ್ಬಳು ಖರ್ಚಿನ ಬಾಬ್ತು’ ಎನ್ನುತ್ತಿದ್ದರಂತೆ. ನಗುತ್ತಲೇ ಅನ್ನುತ್ತಿದ್ದರಂತೆ. ನಗುತ್ತ ಹೇಳಿದ್ದು ಆಳಕ್ಕೆ ಇಳಿಯುತ್ತದೆ, ಬೈದು ಹೇಳಿದ್ದಕ್ಕಾದರೆ ಮಗು ತಿರುಗಿ ಬೀಳುತ್ತದೆ.

ಆ ಬಾಕಿಯನ್ನೇ ಅವಳು ತಿಂಗಳು ತಿಂಗಳು ತೀರಿಸುತ್ತಿದ್ದಳು. ತೀರಿಸುವ ಕೈಗೆ ಪ್ರೀತಿಯೂ ಇತ್ತು, ಇಲ್ಲದ ಸಾಲ ವಸೂಲಾಗುತ್ತಿದೆ ಎಂಬ ಕಿಚ್ಚೂ ಇತ್ತು. ಹಣ ಕಳಿಸುವುದನ್ನು ನಿಲ್ಲಿಸು ಎಂದು ನಾನು ಹೇಳಲಿಲ್ಲ; ಅದು ಅವಳ ಮನೆ. ಆ ಚಪ್ಪಲಿ ಹಾಕಿಕೊಂಡು ಗರುಡಾಚಾರ್‌ಪಾಳ್ಯ ಮೆಟ್ರೊ ಸ್ಟೇಷನ್‌ವರೆಗೆ ನಡೆದು ಬಾ, ಎದೆಯಲ್ಲಿ ಏನಾಗುತ್ತದೆ ಎಂದು ನೋಡಿಕೋ ಎಂದೆ ಅಷ್ಟೆ. ಎರಡು ದಿನ ನಡೆದಳು. ಮೂರನೇ ದಿನ ಹಿಮ್ಮಡಿಗೆ ಬ್ಯಾಂಡೇಡ್ ಹಾಕಿಕೊಂಡು ಬಂದು, ‘ನೋಡಿ ಸಾರ್, ಶಿಕ್ಷೆ ಆಯ್ತು’ ಎಂದಳು. ಹೇಳಿದ ಮರುಕ್ಷಣ ಅವಳಿಗೇ ನಗು ಬಂತು. ಹೊಸ ಚಪ್ಪಲಿ ಯಾರನ್ನಾದರೂ ಕಚ್ಚುತ್ತದೆ ಎಂದು ಗೊತ್ತಿದ್ದೂ ಬಾಯಿಗೆ ಬಂದ ಮೊದಲ ಪದ ‘ಶಿಕ್ಷೆ’. ಆ ಪದ ಅವಳಿಗೆ ಕೇಳಿಸಿತಲ್ಲ, ನನ್ನ ಕೆಲಸ ಅಲ್ಲಿಂದ ಹಗುರವಾಯಿತು.

ನಗುವಿನ ಮಾತು ಬಂದದ್ದರಿಂದ ಡಾ. ಎಂ. ಶಿವರಾಂ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತೆಗೆದು, ‘ರಾಶಿ’ ಎಂಬ ಹೆಸರಲ್ಲಿ ಕನ್ನಡಿಗರನ್ನು ನಗಿಸಿದ ಅವರೇ ಮನೋರೋಗಗಳ ಬಗ್ಗೆ ‘ಮನಮಂಥನ’ ಬರೆದವರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಬ್ಬರೇ ಈ ಎರಡೂ ಮಾಡಿದ್ದು ಆಕಸ್ಮಿಕ ಎಂದು ನನಗೆ ಅನಿಸುವುದಿಲ್ಲ.

ಅಪ್ಪನ ಬಾಗಿಲಿಗೆ ಬರುತ್ತೇನೆ. ಹಳೆ ಮನೆ ಕೆಡವಿ ಮೇಲೆ ಮೂರು ಮಹಡಿ ಎಬ್ಬಿಸಿದಾಗ ಮರಮುಟ್ಟನ್ನೆಲ್ಲ ಗುಜರಿಯವನಿಗೆ ಮಾತಾಡಿದ್ದೆ. ಲಾರಿಗೆ ಹಾಕುವ ಹೊತ್ತಿಗೆ ಆ ಒಂದು ಬಾಗಿಲು ಇಳಿಸಿಕೊಂಡವನು ನಾನೇ. ಒಳ್ಳೆ ಹೊನ್ನೆ ಮರ ಎಂದು ಹೆಂಡತಿಗೆ ಹೇಳಿದೆ. ಅದೀಗ ತಾರಸಿಯಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಅಡ್ಡ ಬಿದ್ದಿದೆ. ಬೇಸಿಗೆಯಲ್ಲಿ ಅಮ್ಮ ಅದರ ಮೇಲೆ ಹಳೆ ಪಂಚೆ ಹಾಸಿ ಅರಳುಸಂಡಿಗೆ ಇಡುತ್ತಾರೆ. ಅಕ್ಷರವಿರುವ ಮಗ್ಗುಲು ಕೆಳಗೆ ಬರುವಂತೆ ನೋಡಿಕೊಂಡೇ ಇಡುತ್ತಾರೆ.