ಎಂಟು ಪುಸ್ತಕಗಳ ಪಿಟೀಲು ಸಂಗೀತ

ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ನಾನು ಕಾಪಿ ಹೊಡೆಯುವ ಬಗ್ಗೆ ಮಾತಾಡುತ್ತೇನೆ. ಗಾಬರಿಯಾಗಬೇಡಿ ಸಾರ್.

ಇಟಲಿಯ ವೆನಿಸ್‌ನಲ್ಲಿ ಆಂಟೋನಿಯೊ ವಿವಾಲ್ಡಿ ಎಂಬ ಪಾದ್ರಿಯಿದ್ದ. ಪಿಯೆತಾ ಎಂಬ ಅನಾಥಾಲಯದ ಹೆಣ್ಣುಮಕ್ಕಳಿಗೆ 1703ರಿಂದ ಪಿಟೀಲು ಕಲಿಸಿದವನು. 1711ರಲ್ಲಿ ಅವನ 12 ಕನ್ಸರ್ಟೊಗಳ ಸಂಗ್ರಹ ‘ಲೆಸ್ಟ್ರೊ ಅರ್ಮೋನಿಕೊ’ ಅಚ್ಚಾಯಿತು. ಒಂದೋ ಎರಡೋ ನಾಲ್ಕೋ ಪಿಟೀಲು ಮುಂದಾಗಿ ನುಡಿಸುವುದು, ನಡುನಡುವೆ ಇಡೀ ಮೇಳ ಸೇರಿಕೊಳ್ಳುವುದು, ಅದೇ ಕನ್ಸರ್ಟೊ. ಅಚ್ಚಾದದ್ದು ವೆನಿಸ್‌ನಲ್ಲಲ್ಲ, ದೂರದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿನ ಎಸ್ತಿಯೆನ್ ರೋಜೆ ಸ್ವರಗಳನ್ನು ತಾಮ್ರದ ತಗಡಿನಲ್ಲಿ ಕೊರೆಸಿ ಅಂದವಾಗಿ ಮುದ್ರಿಸುತ್ತಿದ್ದ.

ಆದರೆ ಕೊಂಡವರ ಕೈಗೆ ಬರುತ್ತಿದ್ದದ್ದು ಎಂಟು ಬಿಡಿ ಪುಸ್ತಕಗಳು. ವಾದಕರಿಗೆ ಅವರವರ ಭಾಗ ಮಾತ್ರ. ಇಡೀ ಕೃತಿ ಒಂದೇ ಪುಟದಲ್ಲಿ ಎಲ್ಲೂ ಕಾಣುವುದಿಲ್ಲ. ಕಾಣಬೇಕಾದರೆ ಎಂಟನ್ನೂ ಹರಡಿಕೊಂಡು ಒಂದರ ಕೆಳಗೊಂದು ಬರೆದುಕೊಳ್ಳಬೇಕು.

ಜರ್ಮನಿಯ ವೈಮಾರ್ ಅರಮನೆಯಲ್ಲಿ ಆರ್ಗನ್ ನುಡಿಸುತ್ತಿದ್ದ ಯೋಹಾನ್ ಸೆಬಾಸ್ಟಿಯನ್ ಬಾಖ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಈ ಸಂಗ್ರಹದ ಐದು ಕೃತಿಗಳನ್ನು ಆತ ತನ್ನ ವಾದ್ಯಗಳಿಗೆ ಒಗ್ಗಿಸಿ ಬರೆದ. ಮುಂದೆ ಇನ್ನೊಂದನ್ನೂ ಬರೆದ. ಬರೀ ನಕಲಲ್ಲ, ಕೆಳಗಿನ ಸ್ವರ ತುಂಬಿದ, ನಡುವೆ ಹೊಸ ಎಳೆ ಸೇರಿಸಿದ. ಒಂದು ಕೃತಿಯನ್ನು ಹೇಗೆ ಕಟ್ಟಿ ನಿಲ್ಲಿಸಬೇಕೆಂಬುದನ್ನು ಹೀಗೆ ಬರೆಯುತ್ತಲೇ ಕಲಿತ. ನನ್ನ ಕೆಲಸದಲ್ಲೂ ಹೆಚ್ಚು ಹೊತ್ತು ಹೋಗುವುದು ಬೇರೆಯವರು ಬರೆದ ಕೋಡ್ ಓದುವುದರಲ್ಲೇ, ಮಕ್ಕಳೇ.

ಈಗ ಮಗನ ಕಥೆ. ಹನ್ನೊಂದನೆಯ ಕನ್ಸರ್ಟೊವನ್ನು ಬಾಖ್ ಆರ್ಗನ್‌ಗೆ ಅಳವಡಿಸಿದ್ದ ಹಸ್ತಪ್ರತಿ ಮಗ ವಿಲ್ಹೆಲ್ಮ್ ಫ್ರೀಡೆಮಾನ್ ಕೈಗೆ ಬಂತು. ಇದು ನನ್ನ ರಚನೆ, ಅಪ್ಪ ಬರೀ ಪ್ರತಿ ಮಾಡಿದ್ದು ಎಂಬರ್ಥದಲ್ಲಿ ಅವನು ಅದರ ಮೇಲೆ ಬರೆದುಬಿಟ್ಟ! 19ನೇ ಶತಮಾನದಲ್ಲಿ ಅದು ಅವನ ಹೆಸರಿನಲ್ಲೇ ಅಚ್ಚಾಯಿತು. ಅಷ್ಟರಲ್ಲಿ ವಿವಾಲ್ಡಿಯನ್ನು ಜನ ಮರೆತಿದ್ದರು. 1741ರಲ್ಲೇ ಆತ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡಿದ್ದ. ಅಪ್ಪ ಮಾಡಿದ್ದೂ ಕಾಪಿಯೇ, ಮಗ ಮಾಡಿದ್ದೂ ಕಾಪಿಯೇ. ಎರಡಕ್ಕೂ ಒಂದೇ ಪದ ಇರುವುದು ನಮ್ಮ ದುರದೃಷ್ಟ.

ಮೊಬೈಲ್ ಸಿಕ್ಕಾಗ ಹತ್ತನೆಯ ಕನ್ಸರ್ಟೊ ಕೇಳಿ. ಅದರ ನಡುಭಾಗದಲ್ಲಿ ನಾಲ್ಕು ಪಿಟೀಲುಗಳು ಒಂದೇ ಸ್ವರಗುಚ್ಛವನ್ನು ನಾಲ್ಕು ಬಗೆಯಲ್ಲಿ ಬಿಡಿಸಿ ನುಡಿಸುತ್ತವೆ. ಬಾಖ್ ಅದನ್ನೇ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಬರೆದಿದ್ದಾನೆ. ಮೊದಲು ವಿವಾಲ್ಡಿಯದು, ಆಮೇಲೆ ಬಾಖ್‌ನದು ಕೇಳಿ.