ಎಚ್ಚರಿಕೆಯ ದನಿ ಸುಮ್ಮನಾದಾಗ



ಬಸ್ಸಿನಲ್ಲಿ ಹೋಗುವಾಗ ಮಕ್ಕಳು ಕಿಟಕಿಯ ಹೊರಗೆ ಕೈ ಚಾಚುತ್ತಾರೆ. ಚಾಚಬಾರದು, ಆದರೂ ಚಾಚುತ್ತಾರೆ. ಅಂಗೈಯನ್ನು ತುಸು ಓರೆ ಹಿಡಿದರೆ ಗಾಳಿ ಕೈಯನ್ನು ಮೇಲಕ್ಕೆತ್ತುತ್ತದೆ. ಬಹಳ ಓರೆ ಮಾಡಿದರೆ? ಎತ್ತುವುದಿಲ್ಲ, ಹಿಂದಕ್ಕೆ ದಬ್ಬುತ್ತದೆ. ವಿಮಾನದ ರೆಕ್ಕೆಯದೂ ಇದೇ ಕಥೆ. ಮೂತಿಯನ್ನು ಮಿತಿಮೀರಿ ಎತ್ತಿದರೆ ರೆಕ್ಕೆಯ ಮೇಲೆ ಹರಿಯುವ ಗಾಳಿ ಚದುರಿಹೋಗುತ್ತದೆ. ಎತ್ತಿಹಿಡಿಯುವ ಬಲ ಕುಗ್ಗುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಎಂಜಿನು ನಿಲ್ಲುವುದಲ್ಲ, ರೆಕ್ಕೆ ಸೋಲುವುದು. ಪರಿಹಾರವೇನು? ಮೂತಿಯನ್ನು ಇಳಿಸಬೇಕು. ಬೀಳುತ್ತಿರುವವನು ಇನ್ನೂ ಕೆಳಕ್ಕೆ ಬಾಗಬೇಕು! ಇಲ್ಲಿ ಕುಳಿತು ಹೇಳುವುದು ಸುಲಭ.

2009ರ ಜೂನ್ 1ರ ರಾತ್ರಿ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಮಹಾಸಾಗರದ ಮೇಲೆ 35,000 ಅಡಿ ಎತ್ತರದಲ್ಲಿತ್ತು. ಒಳಗೆ 228 ಜೀವ. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು; ತಪ್ಪಲ್ಲ, ದೂರದ ಪ್ರಯಾಣದಲ್ಲಿ ಅದು ಪದ್ಧತಿ. ವೇಗವನ್ನು ಅಳೆಯಲು ಪಿಟೋ ಎಂಬ ಸಣ್ಣ ನಳಿಗೆಗಳಿರುತ್ತವೆ. ಅವುಗಳಲ್ಲಿ ಹಿಮದ ಹರಳು ಕಟ್ಟಿತು. ವೇಗದ ಲೆಕ್ಕ ತಪ್ಪಿತು, ಆಟೋಪೈಲಟ್ ಕೈಬಿಟ್ಟಿತು. ಸುಮಾರು ಒಂದು ನಿಮಿಷದಲ್ಲಿ ನಳಿಗೆಗಳೇನೋ ಸರಿಹೋದವು. ಅಷ್ಟರವರೆಗೆ ವಿಮಾನವನ್ನು ಇದ್ದ ಹಾಗೆಯೇ ನೆಟ್ಟಗೆ ಹಿಡಿದಿದ್ದರೆ ಸಾಕಿತ್ತು. ಆದರೆ ಗಾಬರಿಗೊಂಡ ಕೈ ಕೋಲನ್ನು ಹಿಂದಕ್ಕೆಳೆಯಿತು. ವಿಮಾನ ಸುಮಾರು 38,000 ಅಡಿಗೆ ಏರಿ, ಅಲ್ಲಿ ರೆಕ್ಕೆ ಸೋತಿತು.

ಎಚ್ಚರಿಕೆ ಇರಲಿಲ್ಲವೇ? ಇತ್ತು. ‘ಸ್ಟಾಲ್, ಸ್ಟಾಲ್’ ಎಂದು ಯಂತ್ರ ಎಡೆಬಿಡದೆ 54 ಸೆಕೆಂಡು ಕೂಗಿತು. ಇಲ್ಲಿ ಒಂದು ಮಾತು ಗಮನಿಸಿರಿ. ಅಳೆದ ವೇಗ ತೀರ ಇಳಿದಾಗ, ‘ಇದು ನಂಬುವಂಥ ಲೆಕ್ಕವಲ್ಲ’ ಎಂದು ಗಣಕ ಕೂಗುವುದನ್ನೇ ನಿಲ್ಲಿಸುತ್ತಿತ್ತು. ಮೂತಿ ತುಸು ಇಳಿದರೆ ಲೆಕ್ಕ ಮರಳಿ ಬರುತ್ತಿತ್ತು, ಕೂಗೂ ಮರಳಿ ಬರುತ್ತಿತ್ತು. ಅಂದರೆ ಸರಿಯಾದದ್ದನ್ನು ಮಾಡಹೋದರೆ ಗದರಿಕೆ, ತಪ್ಪಿನಲ್ಲಿ ಮುಂದುವರಿದರೆ ಮೌನ. ಕ್ಯಾಪ್ಟನ್ ಮರಳಿ ಒಳಗೆ ಬಂದ ಕೆಲವೇ ಕ್ಷಣಗಳಲ್ಲಿ ಆ ಮೌನ ಕವಿಯಿತು.

ಆ ಮೂವರನ್ನು ದೂಷಿಸಲು ನಾನು ಇಲ್ಲಿ ಕುಳಿತಿಲ್ಲ. ಅಷ್ಟು ಎತ್ತರದಲ್ಲಿ ಕೈಯಿಂದಲೇ ವಿಮಾನ ನಡೆಸುವ ತರಬೇತಿ ಅವರಿಗೆ ಸಿಕ್ಕಿರಲಿಲ್ಲವೆಂದು ಫ್ರಾನ್ಸಿನ ತನಿಖೆಯೇ 2012ರಲ್ಲಿ ಹೇಳಿತು. ಕಾಣದ ಕತ್ತಲು, ಕೆಳಗೆ ಕಡಲು. ನಾವಿದ್ದರೆ ಏನು ಮಾಡುತ್ತಿದ್ದೆವು?

2011ರ ಮೇ ತಿಂಗಳಲ್ಲಿ ಸುಮಾರು 3,900 ಮೀಟರು ಆಳದಿಂದ ಧ್ವನಿಮುದ್ರಣದ ಪೆಟ್ಟಿಗೆಯನ್ನು ಎತ್ತಿದರು. ಅದರಲ್ಲಿ ಕೊನೆಯ ಮಾತುಗಳಿದ್ದವು. ಎತ್ತರ 10,000 ಅಡಿಗಿಂತ ಕೆಳಗಿಳಿದಾಗ, ‘ಮೇಲಕ್ಕೇರಿಸು’ ಎಂದ ಜೊತೆಗಾರನಿಗೆ ಕೋಲು ಹಿಡಿದವನು, ತಾನು ಆಗಿನಿಂದಲೂ ಪೂರ್ತಿ ಹಿಂದಕ್ಕೇ ಎಳೆದು ಹಿಡಿದಿದ್ದೇನೆ ಎಂದ. ಕ್ಯಾಪ್ಟನ್‌ಗೆ ಅದು ಕೇಳಿಸಿತು. ಬೇಡ, ಬೇಡ, ಏರಿಸಬೇಡ ಎಂದರು. ಆಗ ಕಡಲಿಗೆ ಒಂದು ನಿಮಿಷದ ಹಾದಿಯೂ ಉಳಿದಿರಲಿಲ್ಲ.